ಹಾಸ್ಟೆಲ್ ಹುಡುಗರಿಗೆ ಖಡಕ್ ರೊಟ್ಟಿ

‘ಜ್ವಾಳ ಕೇಳ್ತೀರಿ, ರೊಟ್ಟಿ ಬಡಿಯೋರು ಯಾರು? ಹುಡುಗ್ರು ಓದಬೇಕೋ, ಒಲಿ ಮುಂದ ಕುಂದರಬೇಕೋ?’

ತಂಬ್ರಹಳ್ಳಿಯ ಮನೆಯೊಂದರ ಕಟ್ಟೆಯ ಮೇಲಿಂದ ಅಜ್ಜಿಯೊಬ್ಬರು ಹೀಗೆ ಗದರಿದಾಗ, ಜೋಳಿಗೆ ಹಿಡಿದು ನಿಂತಿದ್ದ ನಾವು ಗೆಳೆಯರು ಮುಖ ಮುಖ ನೋಡಿಕೊಂಡೆವು. ಅದು ತೊಂಬತ್ತರ ದಶಕ. ನಮ್ಮ ಯುವಕ ಸಂಘ ಹಗರಿಬೊಮ್ಮನಹಳ್ಳಿಯಲ್ಲಿ ಹಳ್ಳಿ ಹುಡುಗರಿಗಾಗಿ ಉಚಿತ ಹಾಸ್ಟೆಲ್ ನಡೆಸುತ್ತಿತ್ತು. ಸುಗ್ಗಿಯಲ್ಲಿ ಮನೆ ಮನೆ ತಿರುಗಿ ಜೋಳ ಕೂಡಿಸುತ್ತಿದ್ದೆವು. ಅಡುಗೆಯವರಿರಲಿಲ್ಲ. ರೊಟ್ಟಿ ಬಡಿಯಲು ಬಾರದ ಹುಡುಗರು ದಿನವೂ ನುಚ್ಚು ಬೇಯಿಸಿ ಉಣ್ಣುತ್ತಿದ್ದರು. ಓದುವ ಹೊತ್ತು ಒಲೆಯ ಮುಂದೆಯೇ ಕಳೆಯುತ್ತಿದೆ ಎಂಬುದು ನಮಗೆ ಹೊಳೆದೇ ಇರಲಿಲ್ಲ.

ಅಜ್ಜಿ ಒಂದು ಕಾಳೂ ಕೊಡದೆ, ‘ಸೋಮಾರ ಬರ್ರಪ್ಪ’ ಎಂದು ಕಳಿಸಿಬಿಟ್ಟರು.

ಸಿಟ್ಟಿನಲ್ಲೇ ಸೋಮವಾರ ಹೋದೆವು. ಕಟ್ಟೆಯ ಮೇಲೆ ಹಳೆಯ ಪಂಚೆಯಲ್ಲಿ ಕಟ್ಟಿದ ಖಡಕ್ ರೊಟ್ಟಿಯ ದೊಡ್ಡ ಗಂಟು! ಅಜ್ಜಿಯ ಮಾತಿಗೆ ಓಣಿಯ ಹೆಣ್ಣುಮಕ್ಕಳೆಲ್ಲ ತಮ್ಮ ಮನೆಯ ರೊಟ್ಟಿಯ ಜೊತೆ ನಮ್ಮ ಹುಡುಗರಿಗೂ ಬಡಿದಿದ್ದರು.

‘ವಾರಗಟ್ಲೆ ಕೆಡಾಂಗಿಲ್ಲ. ತೀರಿದ ಮ್ಯಾಲೆ ಮತ್ತ ಬರ್ರಿ. ಪಂಚಿ ಮಾತ್ರ ಮರೀದ ತರ್ರಿ’ ಎಂದರು ಅಜ್ಜಿ.

ಆ ಸಂಜೆ ಹಾಸ್ಟೆಲಿನ ಒಲೆ ತಣ್ಣಗಿತ್ತು. ಹುಡುಗರು ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ರೊಟ್ಟಿ ಹಿಡಿದು ಕುಳಿತಿದ್ದರು. ಈಗಲೂ ಖಡಕ್ ರೊಟ್ಟಿ ಮುರಿದರೆ ನನಗೆ ಆ ಹುಡುಗರು ಪಾಠ ಓದುವ ದನಿ ಕೇಳಿಸುತ್ತದೆ.