ಚಪ್ಪಲಿ ಗೂಡಿನ ಮೇಲಿಟ್ಟ ಬಾಟಲಿ

ನಮ್ಮಣ್ಣ ಕೆಟ್ಟವನಲ್ಲ. ಈ ಮಾತನ್ನು ಈಚೆಗೆ ಬಹಳ ಜನಕ್ಕೆ ಹೇಳಿದ್ದೇನೆ, ಹೇಳಿದಾಗಲೆಲ್ಲ ಹಲ್ಲು ಕಡಿದುಕೊಂಡೇ ಹೇಳಿದ್ದೇನೆ. ಕೆಟ್ಟವನಾಗಿದ್ದರೆ ಬಾಯಿತುಂಬ ಬೈದು, ಸಂಬಂಧ ಹರಿದುಕೊಂಡು, ಮದರಾಸಿನ ಮೈಲಾಪೂರಿನಲ್ಲಿ ನಾನಿರುವ ಹಳೆಯ ಫ್ಲ್ಯಾಟಿನಲ್ಲಿ ಬಾಗಿಲು ಹಾಕಿಕೊಂಡು ಇದ್ದುಬಿಡಬಹುದಿತ್ತು. ಒಳ್ಳೆಯವನ ಮೇಲೆ ಬಂದ ಸಿಟ್ಟು ಹಾಗೆ ಹೋಗುವುದಿಲ್ಲ. ಅವನು ಫೋನ್ ಮಾಡಿ "ಊಟ ಆತೇನವಾ?" ಅಂದಾಗ ಅದು ಮತ್ತೆ ಹೊತ್ತಿಕೊಳ್ಳುತ್ತದೆ.

ನನ್ನ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಇಪ್ಪತ್ತಾರು ವರ್ಷದಿಂದ ಒಂದು ಖಾಸಗಿ ಲ್ಯಾಬಿನಲ್ಲಿ ಅಂಗಾಂಶ ಕೊಯ್ಯುತ್ತೇನೆ. ಆಸ್ಪತ್ರೆಗಳಿಂದ ಬಾಟಲಿಗಳಲ್ಲಿ ಮನುಷ್ಯರ ತುಣುಕುಗಳು ಬರುತ್ತವೆ. ಗರ್ಭಕೋಶ, ಕರುಳಿನ ಚೂರು, ಕಡಲೆಕಾಳಿನಷ್ಟು ಗಂಟು. ಅವನ್ನು ಮೇಣದಲ್ಲಿ ಹುದುಗಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಹರಡಿ, ಬಣ್ಣ ಹಾಕಿ ಡಾಕ್ಟರಮ್ಮನ ಮುಂದಿಡುವುದು ನನ್ನ ಪಾಲಿನ ಕೆಲಸ. ಬಣ್ಣ ಹಿಡಿದ ಮೇಲೆ ಕೋಶಕೇಂದ್ರ ನೇರಳೆ, ಸುತ್ತಲಿನದೆಲ್ಲ ಗುಲಾಬಿ. ಎಣ್ಣೂರಿನ ಮೀನುಗಾರ್ತಿಯದಾಗಲಿ, ದಿನಕ್ಕೆ ಮೂರು ಸಲ ಸ್ನಾನ ಮಾಡುವ ಮೈಲಾಪೂರಿನ ಮಾಮಿಯದಾಗಲಿ, ಅದೇ ನೇರಳೆ, ಅದೇ ಗುಲಾಬಿ. ಯಾರು ಏನು ತಿನ್ನುತ್ತಾರೆ ಅಂತ ಆ ಗಾಜು ನನಗೆ ಒಂದು ದಿನವೂ ಹೇಳಿಲ್ಲ.

ಅಣ್ಣನ ಮನೆ ನಗರದ ಇನ್ನೊಂದು ತುದಿಯ ಮಾಧವರಂನಲ್ಲಿ, ಎರಡನೇ ಮಹಡಿ. ಊರ ಕಡೆಯಿಂದ ಒಣಮೆಣಸಿನಕಾಯಿ ತರಿಸಿ ಮಾರುತ್ತಾನೆ. ನಾವು ಲಿಂಗವಂತರು, ಆ ಮನೆಯಲ್ಲಿ ಮೊಟ್ಟೆ ಎಂಬ ಮಾತನ್ನೂ ಆಡುವುದಿಲ್ಲ. ನಾನು ಈ ಕೆಲಸಕ್ಕೆ ಸೇರಿದ ವಾರವೇ ಅವ್ವ ಒಂದು ಕಟ್ಟು ಮಾಡಿದಳು. ನನ್ನ ಲ್ಯಾಬಿನ ಬ್ಯಾಗು ಬಾಗಿಲ ಹೊರಗೆ ಚಪ್ಪಲಿ ಗೂಡಿನ ಮೇಲೆ. ನಾನು ನೇರ ಬಚ್ಚಲಿಗೆ. ಮೈ ತೊಳೆದ ಮೇಲಷ್ಟೇ ಅಡುಗೆಮನೆ. ಅವ್ವ ತೀರಿಕೊಂಡು ಎಷ್ಟೋ ವರ್ಷವಾಯಿತು, ಕಟ್ಟು ಮಾತ್ರ ಉಳಿಯಿತು. ನಾನೂ ತಲೆ ಕೆಡಿಸಿಕೊಂಡವಳಲ್ಲ. ಶನಿವಾರ ಸಂಜೆ ಔಷಧಿಯ ಘಾಟು ಹೊತ್ತು ಅಷ್ಟು ದೂರ ಬಸ್ಸಿನಲ್ಲಿ ಬಂದವಳಿಗೆ ಸ್ನಾನ ಬೇಕೇ ಆಗಿತ್ತು. ಅತ್ತಿಗೆ ನೀರು ಕಾಯಿಸಿ, ಟವೆಲು ಇಟ್ಟು, "ಲಗೂನ ಬಾ, ರೊಟ್ಟಿ ಆರ್ತಾವ" ಎಂದು ಕೂಗುವಳು.

ಅದೇ ಬಚ್ಚಲಿನ ಬಾಗಿಲಲ್ಲಿ ಕಳೆದ ಮೇ ತಿಂಗಳಲ್ಲಿ ಅತ್ತಿಗೆ ನನ್ನ ಕೈ ಹಿಡಿದು ತನ್ನ ಎಡ ಮೊಲೆಯ ಪಕ್ಕಕ್ಕೆ ಒತ್ತಿಕೊಂಡಳು. ಗಟ್ಟಿಯಾಗಿ, ಜಾರದೆ ನಿಂತ ಒಂದು ಗಂಟು. "ಏನಿದು?" ಅಂದಳು. ಕೈಗೆ ಗೊತ್ತಾಗುವುದಿಲ್ಲ, ಕೊಯ್ದು ನೋಡಬೇಕು ಅಂದೆ. ಅವಳು ನಕ್ಕು, "ಅಂತೂ ನಂದೂ ಒಂದು ಚೂರು ನಿನ್ನ ಹತ್ರ ಬರ್ತೈತಿ ಅನ್ನು" ಅಂದಳು.

ಮನೆ ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಶುಕ್ರವಾರ ಸಂಜೆ ಸೂಜಿ ಹಾಕಿ ತುಣುಕು ತೆಗೆದರು. ಕೊರಳಿನ ಲಿಂಗ ತೆಗೆಯಬೇಕು ಅಂದರಂತೆ. ತೆಗೆದು ಬಲಗೈಯ ಮುಷ್ಟಿಯಲ್ಲಿ ಹಿಡಿದುಕೊಂಡೇ ಮಲಗಿದಳಂತೆ. ಆಮೇಲೆ ಅಣ್ಣನ ಫೋನು. ಅಲ್ಲಿ ಫಾರ್ಮಲಿನ್ ಮುಗಿದಿತ್ತು! ಅಂಗಾಂಶ ಕೆಡದಂತೆ ಇಡುವ ಔಷಧಿ ಅದೊಂದೇ, ಅದೇ ಇಲ್ಲದೆ ಸೂಜಿ ಹಿಡಿದು ನಿಂತಿದ್ದಾರೆ, ಮಹಾನುಭಾವರು. ತುಣುಕುಗಳನ್ನು ಸಲೈನ್ ನೀರಿನಲ್ಲಿ ಹಾಕಿ ಅಣ್ಣನ ಕೈಗೆ ಕೊಟ್ಟು ಕಳಿಸಿದ್ದರು. ಲ್ಯಾಬಿನಲ್ಲಿ ನನ್ನ ಮುಂದೆ ಅವತ್ತಿನ ಬಾಟಲಿಗಳು ಸಾಲಾಗಿ ಕೂತಿದ್ದವು, ಬಿಟ್ಟು ಏಳುವಂತಿರಲಿಲ್ಲ.

"ಅಣ್ಣಾ, ಅದು ಬರೀ ಉಪ್ಪಿನ ನೀರು. ಹೊರಗ ಇಟ್ರ ಕೆಡ್ತೈತಿ. ಫ್ರಿಜ್‌ನಾಗ ಇಡು. ಮ್ಯಾಲೆ ಐಸಿನ್ಯಾಗ ಅಲ್ಲ, ಕೆಳಗ. ಬೆಳಗಾಗೋದ್ರಾಗ ನಾ ಔಷಧ ತಗೊಂಡು ಬರ್ತೀನಿ."

"ಆತು ಬಿಡು," ಅಂದ ಅಣ್ಣ. ಆ ಎರಡು ಪದ ನೆನೆದರೆ ಈಗಲೂ ಮೈ ಉರಿಯುತ್ತದೆ.

ಮರುದಿನ ಮೊದಲ ಬಸ್ಸು ಹಿಡಿದು ಹೋದೆ. ಮೆಟ್ಟಿಲು ಹತ್ತಿ ಬಾಗಿಲು ತಟ್ಟಬೇಕು, ಅಷ್ಟರಲ್ಲಿ ಕಣ್ಣಿಗೆ ಬಿತ್ತು. ಚಪ್ಪಲಿ ಗೂಡಿನ ಮೇಲೆ, ಅಣ್ಣನ ಹಳೆಯ ಶೂ ಪಕ್ಕದಲ್ಲಿ, ಸ್ವೀಟ್ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಬಾಟಲಿ. ಮದರಾಸಿನ ಮೇ ತಿಂಗಳು, ರಾತ್ರಿಯೂ ಗೋಡೆ ಮುಟ್ಟಿದರೆ ಬಿಸಿ. ಕವರು ಬಿಚ್ಚಿದೆ. ನೀರು ಅಕ್ಕಿ ತೊಳೆದ ನೀರಿನಂತಾಗಿತ್ತು. ಶಾವಿಗೆ ಎಳೆಯಂಥ ನಾಲ್ಕು ತುಂಡು, ಬೂದು ಬಣ್ಣ. ಮುಚ್ಚಳ ತೆಗೆಯುವುದೇ ಬೇಕಿರಲಿಲ್ಲ, ವಾಸನೆ ಆಗಲೇ ಬರುತ್ತಿತ್ತು.

ಜೀವಕೋಶ ಸಾಯುವುದು ಹೇಗೆಂದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಪ್ರತಿ ಕೋಶದೊಳಗೂ ಜೀರ್ಣರಸ ತುಂಬಿದ ಸಣ್ಣ ಸಣ್ಣ ಚೀಲಗಳಿರುತ್ತವೆ. ಬದುಕಿರುವಷ್ಟು ದಿನ ಅವು ಕಸ ಕರಗಿಸುತ್ತ ಉಪಕಾರವನ್ನೇ ಮಾಡುತ್ತವೆ. ರಕ್ತ ನಿಂತು, ಉಸಿರು ನಿಂತು ಸ್ವಲ್ಪ ಹೊತ್ತಾದರೆ ಆ ಚೀಲಗಳು ಒಡೆದು ಕೋಶ ತನ್ನನ್ನೇ ತಾನು ತಿನ್ನಲು ಶುರುಮಾಡುತ್ತದೆ. ತಣ್ಣಗಿಟ್ಟರೆ ನಿಧಾನ. ಸೆಕೆಯಲ್ಲಿಟ್ಟರೆ ಕೇಳಲೇಬೇಡಿ. ಕೋಶಕೇಂದ್ರ ಮಸುಕಾಗಿ, ಕೊನೆಗೆ ಕರಗಿಯೇ ಹೋಗುತ್ತದೆ. ನಮಗೆ ಬೇಕಾದ ಸುದ್ದಿಯೆಲ್ಲ ಇರುವುದು ಆ ಕೇಂದ್ರದಲ್ಲಿ.

ಅಣ್ಣ ಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಂಡು ಬಾಗಿಲು ತೆಗೆದ. ನಾನು ಬಾಟಲಿ ಎತ್ತಿ ಹಿಡಿದೆ. "ಏನು ಹೇಳಿದ್ದೆ ನಿನಗ? ಏನು ಹೇಳಿದ್ದೆ?"

"ಕೊಂಜಂ ಮೆಲ್ಲಗ ಮಾತಾಡು, ಆಜೂಬಾಜೂ ಜನ ಅದಾರ," ಅಂದ. ಆಮೇಲೆ, ಬಹಳ ಸಮಾಧಾನದಿಂದ, ಚಿಕ್ಕವಳಿಗೆ ತಿಳಿಹೇಳುವಂತೆ, "ಫ್ರಿಜ್‌ನಾಗ ಪೂಜಾದ ಹಾಲು ಐತಿ, ಮೊಸರು ಐತಿ. ಅದರಾಗ ಮಾಂಸದ ತುಂಡು ಹೆಂಗ ಇಡ್ಲಿ, ನೀನ ಹೇಳು? ನಿನ್ನ ಬ್ಯಾಗು ಯಾವಾಗ್ಲೂ ಇಡೂ ಜಾಗದಾಗ ಇಟ್ಟೀನಿ. ಅಲ್ಲಿ ಏನೂ ಆಗಾಂಗಿಲ್ಲ ಅನ್ಕೊಂಡೆ."

ನನ್ನ ಸಿಟ್ಟು ನೆತ್ತಿಗೇರಿತು. "ಮಾಂಸ! ಅಲ್ಲಲೇ, ಮಾಂಸ ಬ್ಯಾಡ ಅಂದ್ರ ನೀ ಮೊದ್ಲ ಮನಿ ಬಿಟ್ಟು ಹೊರಗ ನಡಿ. ನಿನ್ನ ಚರ್ಮ ಏನು, ಬಾಳೆಲೆ? ನೀ ಲಿಂಗ ಹಿಡಿಯೂ ಅಂಗೈ ಸ್ನಾಯು, ನರ, ಎಲುಬು, ಅದರ ಮ್ಯಾಲೆ ಹೊದಿಕಿ. ಮನುಷ್ಯಾ ಅಂದ್ರ ಈ ನಾಕ ನಮೂನಿ ಅಂಗಾಂಶ, ಐದನೇದು ಯಾವ ಸ್ವಾಮಿಗೂ ಇಲ್ಲ. ಹಾಲಿನ ಬಾಜೂಕ ಇಡಬಾರದೇನು ಇದನ್ನ? ಇದು ಹಾಲು ಬರೂ ನಾಳದ ಚೂರು! ನಿನ್ನ ಎರಡು ಮಕ್ಕಳು ಇದರಾಗಿಂದನ ಕುಡದು ಬೆಳದಾರ!"

ಅಣ್ಣ ತಿರುಗಿ ತನ್ನ ಹಿಂದೆ ನೋಡಿದ. ಅಡುಗೆಮನೆಯ ಬಾಗಿಲಲ್ಲಿ ಅತ್ತಿಗೆ ನಿಂತಿದ್ದಳು, ಎದೆಯ ಪಟ್ಟಿಯ ಮೇಲೆ ಕೈ ಇಟ್ಟುಕೊಂಡು. ನಾನು ಅರಚಿದ್ದು ತಲೆಗೆ ಹೋಯಿತೋ ಇಲ್ಲವೋ, ಮಾಂಸದ ತುಂಡು ಎಂಬ ಅವನ ಮಾತನ್ನಂತೂ ಕೇಳಿದ್ದಳು.

ಆದರೂ ತುಂಡುಗಳನ್ನು ಲ್ಯಾಬಿಗೆ ಒಯ್ದೆ. ಮೂರ್ಖತನ, ಗೊತ್ತಿತ್ತು. ಎಲ್ಲ ಹಂತವನ್ನೂ ದೇವರ ಕೆಲಸದಂತೆ ಮಾಡಿದೆ. ಸ್ಲೈಡು ತಯಾರಾದಾಗ ನೇರಳೆ ಎಲ್ಲೂ ಹಿಡಿದಿರಲಿಲ್ಲ, ಎಲ್ಲ ಕದಡಿದ ಗುಲಾಬಿ. ಡಾಕ್ಟರಮ್ಮ ಕಣ್ಣು ಎತ್ತಿ, "ಎನ್ನಮ್ಮಾ ಇದು, ಒಣ್ಣುಮೇ ತೆರಿಯಲೆಯೇ" ಅಂದರು. ಏನೂ ಕಾಣುತ್ತಿಲ್ಲ. ಮತ್ತೊಮ್ಮೆ ತೆಗೆಸಿ ಅಂದರು. ರೋಗಿ ನನ್ನ ಅತ್ತಿಗೆ ಎಂದು ಹೇಳಿದೆ. ಅವರು ಸ್ಲೈಡನ್ನು ಇನ್ನೊಮ್ಮೆ, ಮೂಲೆಯಿಂದ ಮೂಲೆಗೆ ನೋಡಿದರು, ನನ್ನ ಸಮಾಧಾನಕ್ಕೆ.

ಮತ್ತೊಮ್ಮೆ ತೆಗೆಸಲು ಅತ್ತಿಗೆ ಒಪ್ಪಲಿಲ್ಲ. ನಾನು ಬೇಡಿದೆ, ಗದರಿದೆ, ಅತ್ತುಬಿಟ್ಟೆ. ಅಣ್ಣನೂ ಕೈ ಮುಗಿದ. ಅವಳು ರೊಟ್ಟಿ ತಟ್ಟುತ್ತ, ತಲೆ ಎತ್ತದೆ, "ನನ್ನ ಮಾಂಸಕ್ಕ ಈ ಮನ್ಯಾಗ ಜಾಗ ಇಲ್ಲ ಅಂದ್ಮ್ಯಾಲೆ ತಗಸೋದು ಯಾಕ? ಒಳಗ ಇರ್ಲಿ ಬಿಡ್ರಿ" ಎನ್ನುವಳು. ಹೀಗೆ ಐದು ವಾರ. ಆ ಐದು ವಾರ ನಾನು ಎಷ್ಟು ಜನರ ಸ್ಲೈಡು ಮಾಡಿದೆನೋ! ಪ್ರತಿಯೊಂದರಲ್ಲೂ ನಾಳದ ಸುತ್ತ ಇರುವ ತಳಪೊರೆಯನ್ನೇ ಹುಡುಕುತ್ತಿದ್ದೆ. ಕೆಟ್ಟ ಕೋಶಗಳು ಆ ತೆಳು ಪೊರೆಯ ಒಳಗೇ ಇದ್ದರೆ ಕೊಯ್ದು ಬಿಸಾಕಿ ನಿಶ್ಚಿಂತೆಯಾಗಿ ಇರಬಹುದು. ದಾಟಿದರೆ ದಾರಿ ಬೇರೆ. ಅತ್ತಿಗೆಯ ಎದೆಯೊಳಗೆ ಅದು ನಡೆಯುತ್ತಿದೆಯೋ ಇಲ್ಲವೋ ನೋಡಲಾಗದೆ, ಪಕ್ಕದಲ್ಲೇ ಕೂತು ಅವಳು ಕೊಟ್ಟ ರೊಟ್ಟಿ ತಿನ್ನುತ್ತಿದ್ದೆ. ಥೂ ನನ್ನ ಜನ್ಮಕ್ಕೆ ಅನಿಸುತ್ತಿತ್ತು.

ಒಂದು ದಿನ ಅವಳೇ ಫೋನ್ ಮಾಡಿದಳು. "ದೊಡ್ಡದಾಗೇತಿ. ಬಾ." ಅಷ್ಟೇ.

ಈ ಸಲ ಫಾರ್ಮಲಿನ್ ಬಾಟಲಿಯನ್ನು ನಾನೇ ನರ್ಸಿಂಗ್ ಹೋಮಿಗೆ ಒಯ್ದೆ. ತುಣುಕುಗಳು ಅದರಲ್ಲಿ ಮುಳುಗುವುದನ್ನು ಕಣ್ಣಾರೆ ನೋಡಿ ಮುಚ್ಚಳ ಬಿಗಿದೆ. ಅತ್ತಿಗೆ ಕೈ ಚಾಚಿ, "ಇಲ್ಲಿ ತಾ, ನಾನ ಹಿಡ್ಕೋತೀನಿ" ಅಂದಳು. ನೇರ ಲ್ಯಾಬಿಗೆ ಹೋಗೋಣ ಅಂದರೆ ಕೇಳಲಿಲ್ಲ. "ಮೊದ್ಲ ಮನಿಗೆ." ಆಟೋದಲ್ಲಿ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಮೆಟ್ಟಿಲು ಹತ್ತಿ, ಚಪ್ಪಲಿ ಬಿಟ್ಟು, ಗೂಡಿನ ಕಡೆ ತಿರುಗಿಯೂ ನೋಡದೆ ಒಳಗೆ ಹೋದಳು. ಊಟದ ಮೇಜಿನ ನಡುವೆ, ಮೊಸರಿನ ಪಾತ್ರೆಗೆ ತಾಗಿಸಿ ಬಾಟಲಿ ಇಟ್ಟಳು. ಊಟದ ಮೇಜಿನ ಮೇಲೆ ಫಾರ್ಮಲಿನ್ ಇಡಬಾರದು, ಲ್ಯಾಬಿಗೆ ಬಂದ ಹೊಸಬರಿಗೆ ನಾನು ಮೊದಲ ದಿನವೇ ಹೇಳುವ ಮಾತು. ಅವತ್ತು ಬಾಯಿ ಬಿಡಲಿಲ್ಲ.

ಅಣ್ಣ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದ. "ಅದನ್ನ... ಹೊರಗ..." ಅಂತ ಶುರುಮಾಡಿದ.

"ಹೊರಗ ಇಡ್ತೀನಿ," ಅಂದಳು ಅತ್ತಿಗೆ. "ನಾನೂ ಅದರ ಬಾಜೂಕ ಚಪ್ಪಲಿ ಮ್ಯಾಲೆ ಕುಂದರ್ತೀನಿ. ಎರಡೂ ಒಂದ. ಯೋಚನಿ ಮಾಡಿ ಹೇಳ್ರಿ."

ಅಣ್ಣ ತಟ್ಟೆ ನೋಡಿದ. ಆಮೇಲೆ ಮೊಸರಿನ ಪಾತ್ರೆ ಎಳೆದುಕೊಂಡು ಅನ್ನಕ್ಕೆ ಹಾಕಿಕೊಂಡ. ನನಗೆ ಒಳಗೊಳಗೇ ಭೇಷ್ ಅನಿಸಿತು, ಗೆದ್ದೆವು ಅನಿಸಿತು.

ಆಗ ಅತ್ತಿಗೆ ನನ್ನ ಕಡೆ ತಿರುಗಿದಳು. "ನಿನ್ನ ಬ್ಯಾಗ್ ಎಲ್ಲಿ?"

ಕೈ ನೋಡಿಕೊಂಡೆ. ಖಾಲಿ. ಬ್ಯಾಗು ಹೊರಗೆ ಚಪ್ಪಲಿ ಗೂಡಿನ ಮೇಲಿತ್ತು. ಅಷ್ಟೆಲ್ಲ ಅರಚಿದವಳು, ನಾಲ್ಕು ಬಗೆಯ ಅಂಗಾಂಶದ ಪಾಠ ಒಪ್ಪಿಸಿದವಳು, ಅವತ್ತೂ ಮೆಟ್ಟಿಲು ಹತ್ತಿದ ಕೂಡಲೇ ಅದನ್ನು ಅಲ್ಲಿಟ್ಟು ಒಳಗೆ ಬಂದಿದ್ದೆ. ಇಟ್ಟದ್ದೂ ನೆನಪಿಲ್ಲ.

"ಇಪ್ಪತ್ತಾರು ವರ್ಷ ನೀನ ಅಲ್ಲಿ ಇಟ್ಟಿ," ಅಂದಳು ಅತ್ತಿಗೆ. ದನಿಯಲ್ಲಿ ಸಿಟ್ಟಿರಲಿಲ್ಲ. "ಅವರಿಗೆ ಬ್ಯಾರೆ ಜಾಗ ಹೆಂಗ ಗೊತ್ತಾಗಬೇಕು? ಹೋಗು, ತಗೊಂಡು ಬಾ."

ಬ್ಯಾಗು ತಂದು ಕುರ್ಚಿಯ ಮೇಲೆ ಇಟ್ಟೆ. ಸ್ನಾನ ಮಾಡದೆ ಆ ಮೇಜಿನಲ್ಲಿ ಊಟ ಮಾಡಿದ್ದು ಅದೇ ಮೊದಲು.

ಸ್ಲೈಡು ಈ ಸಲ ಚೆನ್ನಾಗಿ ಬಂತು. ನನ್ನ ಕೈಯಿಂದ ಅಷ್ಟು ಚೆಂದದ ಬಣ್ಣ ಬಂದದ್ದೇ ಅಪರೂಪ. ಡಾಕ್ಟರಮ್ಮ ಕರೆದು, ಎದ್ದು, ತಮ್ಮ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ಹೇಳುವ ಅಗತ್ಯವಿರಲಿಲ್ಲ. ತಳಪೊರೆ ಅಲ್ಲಲ್ಲಿ ಹರಿದಿತ್ತು. ನೇರಳೆ ಕೋಶಗಳು ಹೊರಗೆ ಬಂದು, ಸಾಲುಸಾಲಾಗಿ ಕೊಬ್ಬಿನ ನಡುವೆ ಹೊರಟಿದ್ದವು.

ಈಗ ಚಿಕಿತ್ಸೆ ನಡೆಯುತ್ತಿದೆ. ಅತ್ತಿಗೆಯ ಕೂದಲು ಹೋಗಿದೆ. ಮೊನ್ನೆ ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದಾಗ ಅಣ್ಣ, ನನ್ನ ಮುಖ ನೋಡದೆ, ಇಷ್ಟು ದಿನ ಕೇಳಲಾಗದ್ದನ್ನು ಕೇಳಿದ.

"ಮೊದಲನೇ ಸಲ ತಗದಾಗ... ಆವಾಗ ಇನ್ನೂ ದಾಟಿದ್ದಿಲ್ಲೇನು?"

ಅವನ ಎದೆಗೆ ಚುಚ್ಚುವಂಥ ಉತ್ತರಗಳನ್ನು ತಿಂಗಳುಗಟ್ಟಲೆ ಕೂಡಿಟ್ಟುಕೊಂಡಿದ್ದೆ. ಮಡಿಲಲ್ಲಿದ್ದ ಬ್ಯಾಗಿನ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡೆ.

"ಅದನ್ನ ಆ ಬಾಟ್ಲಿ ಹೇಳಬೇಕಿತ್ತಣ್ಣಾ," ಅಂದೆ. "ನಾವು ಅದನ್ನ ಹೊರಗ ಇಟ್ವಿ."