ನೀಲಕ್ಕೋರು ಹುಡುಕಿದ ಹೊನ್ನವ್ವ

ಹೊಸಬರು ಯಾರೇ ಸಿಗಲಿ, ನೀಲಕ್ಕೋರು ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ. “ನಿಮ್ಮ ಅವ್ವನ ಹೆಸರೇನ್ರಿ?” ಹೇಳಿದರೆ, “ಆಕಿ ಅವ್ವಂದು?” ಅದನ್ನೂ ಹೇಳಿದರೆ, “ಆಕಿ ಅವ್ವಂದು?” ಅಲ್ಲಿಗೆ ಎದುರಿನವರ ಬಾಯಿ ಕಟ್ಟುತ್ತಿತ್ತು. ಹಾಲಿನವನು, ಗ್ಯಾಸ್ ಸಿಲಿಂಡರ್ ತರುವವನು, ಪಕ್ಕದ ಮನೆಯ ವಕೀಲರು, ಎಲ್ಲರೂ ಆ ಮೂರನೆಯ ಹೆಂಗಸಿನ ಹತ್ತಿರ ನಿಂತುಬಿಡುತ್ತಿದ್ದರು. ಅಕ್ಕೋರು ನಗುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. “ಇರ್ಲಿ ಬಿಡ್ರಿ, ಎಲ್ಲಾರ ದಾರಾನೂ ಅಲ್ಲೇ ಹರಿತೈತಿ” ಎಂದು ಚಹಾ ಮಾಡಲು ಒಳಗೆ ಹೋಗುತ್ತಿದ್ದರು. ನನ್ನದೂ ಅಲ್ಲೇ ಹರಿದಿತ್ತು.

ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಅನ್ನುತ್ತೇವೆ. ನೀಲಾಂಬಿಕಾ ಎಂಬ ಅವರ ಪೂರ್ತಿ ಹೆಸರು ಬೆಳಗಾವಿಯ ರಾಮತೀರ್ಥ ನಗರದ ಅವರ ಮನೆಯ ಗೇಟಿನ ಮೇಲೆ ಮಾತ್ರ ಇತ್ತು. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಕತ್ತಿನಲ್ಲಿ ಇಷ್ಟಲಿಂಗದ ಕರಡಿಗೆ, ಕೈಯಲ್ಲಿ ಗಂಡಸರ ದೊಡ್ಡ ಗಡಿಯಾರ, ಹೆಗಲಿಗೊಂದು ಬಟ್ಟೆ ಚೀಲ. ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿ, ನೀರಿನ ಬಾಟಲಿ ಮತ್ತು ಒಂದು ಹಿಡಿ ತೆಂಗಿನ ನಾರು. ನಾರು ಹಳೆಯ ಕಲ್ಲು ತಿಕ್ಕುವುದಕ್ಕೆ. ದಾರಿ ಬದಿಯಲ್ಲಿ ಪಾಚಿಗಟ್ಟಿದ ಕಲ್ಲು ಕಂಡರೆ ಗಾಡಿ ನಿಲ್ಲಿಸು ಅನ್ನುತ್ತಿದ್ದರು. ನೀರು ಹಾಕಿ, ಕೂಸಿನ ಮೈ ತೊಳೆದಂತೆ ಮೆಲ್ಲಗೆ ತಿಕ್ಕುತ್ತಿದ್ದರು. ಹತ್ತರಲ್ಲಿ ಒಂಬತ್ತು ಬರೀ ಕಲ್ಲೇ ಆಗಿರುತ್ತಿದ್ದವು.

ಗಾಡಿ ನನ್ನದು. ನಾನು ಲೋಂಡಾದ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವಳು, ಮರಾಠಿ ನನಗೆ ಕನ್ನಡದಷ್ಟೇ ಸಲೀಸು. ಬೆಳಗಾವಿಯ ಕಾಲೇಜೊಂದರ ಕಚೇರಿಯಲ್ಲಿ ಕೆಲಸ ಸಿಕ್ಕಿ ಅಕ್ಕೋರ ಹಿಂದಿನ ಓಣಿಗೆ ಬಂದ ಮೇಲೆ, ಭಾನುವಾರಗಳಲ್ಲಿ ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಖಾನಾಪುರ ತಾಲ್ಲೂಕಿನ ಊರೂರು ತಿರುಗುವುದು ರೂಢಿಯಾಯಿತು. ಮರಾಠಿ ಮಾತಾಡುವ ಮನೆಗಳಲ್ಲಿ ನಾನು ಮಾತಾಡುತ್ತಿದ್ದೆ, ಅವರು ಮುಖ ನೋಡುತ್ತಿದ್ದರು. ರಾಣಿಯರು, ದೇಸಾಯರು ಅವರಿಗೆ ಬೇಡವಾಗಿತ್ತು. “ಅವರಿಗೆ ಕೋಟೆ-ಕೊತ್ತಲ ಅದಾವ, ಪುಸ್ತಕ ಅದಾವ. ನನಗ ಯಾರೂ ಇಲ್ಲದವರು ಬೇಕು” ಅನ್ನುತ್ತಿದ್ದರು.

ಹಾಗೆ ಸಿಕ್ಕವಳು ಹೊನ್ನವ್ವ. ಬೀಡಿ ಎಂಬ ಊರಲ್ಲಿ ಒಬ್ಬ ಮುದುಕಿ ಬೀಸುಕಲ್ಲಿನ ಪದ ಹಾಡುತ್ತಿದ್ದಾಗ, ಬೇನೆ ಬಂದು ತಾಯಿ ಬಿಟ್ಟುಹೋದ ಮಕ್ಕಳಿಗೆ ನೀರು ಕುಡಿಸಿದಾಕೆ ಎಂದು ಒಂದು ಹೆಸರು ಬಂತು. ಅಕ್ಕೋರು ಅವಳ ಹಾಡು ನಿಲ್ಲಿಸಿ, “ಯಾರವ್ವಾ ಅಕಿ?” ಎಂದು ಕೇಳಿದರು. ಮುದುಕಿಗೆ ಗೊತ್ತಿರಲಿಲ್ಲ. “ಪದದಾಗ ಐತಿ, ಹಾಡತೀವಿ” ಅಂದಳು. ಅಕ್ಕೋರಿಗೆ ಅಷ್ಟು ಸಾಕಾಯಿತು. ಎರಡು ಮಳೆಗಾಲ ಕಳೆದು, ಸುತ್ತಲಿನ ಹಳ್ಳಿಗಳನ್ನೆಲ್ಲ ಕೇಳಿ ಮುಗಿಸುವ ಹೊತ್ತಿಗೆ, ಬೀಡಿಯ ಆಚೆಗಿನ ಒಂದು ಊರಲ್ಲಿ ಸಿದ್ದಪ್ಪಜ್ಜ ಸಿಕ್ಕರು. ಕುರಿ ಕಾಯ್ದು ಬದುಕಿದ ಮನೆತನ. ಮಗ ಖಾನಾಪುರದಲ್ಲಿ ಸರಕಾರಿ ನೌಕರಿಯಲ್ಲಿದ್ದ. ಹೊನ್ನವ್ವ ಸಿದ್ದಪ್ಪನವರ ಅಜ್ಜನ ತಾಯಿ.

ಆ ದಿನ ಅವರು ಹೇಳಿದ್ದನ್ನು ಹೊಲದ ಬದುವಿನ ಮೇಲೆ ಕೂತು ನಾನೂ ಕೇಳಿದ್ದೇನೆ. ಪ್ಲೇಗು ಬಂದಾಗ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಗುಡಿಸಲಿನಲ್ಲಿ ಒಬ್ಬರಿಗೆ ಗಡ್ಡೆ ಎದ್ದರೆ ಉಳಿದವರು ಅವರನ್ನು ಅಲ್ಲೇ ಬಿಟ್ಟು ದೂರ ಹೋಗುತ್ತಿದ್ದರು. ಹಾಗೆ ಒಂಟಿಯಾಗಿ ಉಳಿದವರ ಹತ್ತಿರ ಹೊನ್ನವ್ವ ಹೋದಳು. ನೀರು ಕುಡಿಸಿದಳು, ಅಂಬಲಿ ಉಣಿಸಿದಳು, ಸತ್ತವರನ್ನು ಎಳೆದುಕೊಂಡು ಹೋಗಿ ಮಣ್ಣು ಮಾಡಿದಳು. ಬೇನೆ ಹೋಯಿತು, ಜನ ಮನೆಗಳಿಗೆ ಸುಣ್ಣ ಹಚ್ಚಿ ಊರಿಗೆ ಮರಳಿದರು. ಹೊನ್ನವ್ವನೂ ಬಂದಳು. ಊರ ಬಾಗಿಲಾದ ಅಗಸಿಯಲ್ಲಿ ಅವಳ ಗಂಡನೇ ಅಡ್ಡ ನಿಂತು, ಒಳಗೆ ಬರಬೇಡ ಅಂದ.

“ಹೆಣ ಮುಟ್ಟಿದಾಕಿ ಅಂತ್ರಿ” ಅಂದರು ಸಿದ್ದಪ್ಪಜ್ಜ. “ಊರ ಹೊರಗ ಗುಡಿಸಲಾ ಹಾಕ್ಕೊಂಡ್ಳು. ದಿನಾ ಒಂದ ಕಲ್ಲಿನ ಮ್ಯಾಲ ರೊಟ್ಟಿ ಇಟ್ಟ ಬರತಿದ್ರು. ಇಟ್ಟವರು ಹೋದಮ್ಯಾಲ ಬಂದ ತಗೋಬೇಕು. ನಮ್ಮಜ್ಜ ಅವಾಗ ಸಣ್ಣಾಂವ. ಗಿಡದ ಮರೀಗೆ ನಿಂತು ಅವ್ವನ್ನ ನೋಡತಿದ್ದನಂತ. ಕೂಗಿದ್ರ ಬಡೀತಿದ್ರು.”

“ಅಕಿ ಸತ್ತಾಗ ಮಣ್ಣ ಮಾಡಿದವರು ಯಾರು?” ಅಕ್ಕೋರು ಕೇಳಿದರು.

ಸಿದ್ದಪ್ಪಜ್ಜ ಕೈಯಲ್ಲಿದ್ದ ಹುಲ್ಲುಕಡ್ಡಿ ಮುರಿದರು. “ಅದನ್ನ ನಮ್ಮಜ್ಜ ಹೇಳಲಿಲ್ರಿ.”

ಆ ಕಲ್ಲು ಇನ್ನೂ ಅಲ್ಲಿತ್ತು. ಮಂಡಿಯೆತ್ತರದ ಚಪ್ಪಟೆ ಕಪ್ಪು ಕಲ್ಲು. ಯಾಕೆ ಎಂದು ಗೊತ್ತಿಲ್ಲದೆಯೇ ಊರಿನ ಹೆಂಗಸರು ಅದಕ್ಕೆ ಅರಿಷಿಣ ಹಚ್ಚುತ್ತಿದ್ದರು. ಅಕ್ಕೋರು ನಾರು ತೆಗೆಯಲಿಲ್ಲ. ಚೀಲದಿಂದ ಒಂದು ರೊಟ್ಟಿ ತೆಗೆದು ಅದರ ಮೇಲಿಟ್ಟರು. ಆಮೇಲೆ ಯಾಕೋ ಅದು ಸರಿಯಲ್ಲ ಅನ್ನಿಸಿರಬೇಕು, ಎತ್ತಿಕೊಂಡು ಅರ್ಧ ನನಗೆ ಕೊಟ್ಟು ಅರ್ಧ ತಾವು ತಿಂದರು. ಅವರ ಕಣ್ಣಲ್ಲಿ ನೀರು ನೋಡಿದ್ದು ನಾನು ಅವತ್ತೇ.

ಅಕ್ಕೋರು ಹೊನ್ನವ್ವನ ಬಗ್ಗೆ ಒಂದು ಸ್ಥಳೀಯ ಪತ್ರಿಕೆಗೆ ಬರೆದರು. ಕೇಳಿದ್ದಷ್ಟನ್ನೇ ಬರೆದರು, ಅಗಸಿಯಲ್ಲಿ ನಿಂತ ಗಂಡನನ್ನೂ ಬಿಡಲಿಲ್ಲ. ಸಿದ್ದಪ್ಪನವರ ಹೆಸರು ಮಾತ್ರ ಅವರು ಕೇಳಿಕೊಂಡಂತೆ ಹಾಕಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಆ ಊರಿನ ನಾಲ್ಕು ಜನ ಮನೆಗೆ ಬಂದರು. ಅವರಲ್ಲಿ ಮುಂದಾಳು ಒಬ್ಬ ಗುತ್ತಿಗೆದಾರ, ಗೌರವದ ಮನುಷ್ಯನೇ. ಕುಂದಾದ ಸಿಹಿ ಡಬ್ಬಿ ತಂದಿದ್ದ. ಊರಿನಲ್ಲಿ ಸಮಿತಿ ಮಾಡಿದ್ದೇವೆ, ಹೊನ್ನವ್ವನ ಮೂರ್ತಿ ನಿಲ್ಲಿಸುತ್ತೇವೆ ಅಂದ. ಅಕ್ಕೋರ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ. ಹೊರಡುವಾಗ ಅವನು ಚಪ್ಪಲಿ ಹಾಕಿಕೊಳ್ಳುತ್ತ, “ಅಕ್ಕೋರ, ಊರವರು ಹೊರಗ ಹಾಕಿದ್ದೊಂದು ಮುಂದ ಎಲ್ಲೂ ಬರೀಬ್ಯಾಡ್ರಿ. ಬಾಜು ಊರವರು ನಗತಾರ” ಅಂದ.

“ಅದನ್ನ ಬಿಟ್ರ ಅಕಿ ಕತಿ ಎಲ್ಲೈತ್ರಿ?” ಅಂದರು ಅಕ್ಕೋರು. ಅವನು ನಕ್ಕು ಕೈಮುಗಿದು ಹೋದ.

ಉದ್ಘಾಟನೆಯ ದಿನ ನಾವು ಹೋದಾಗ ಊರ ತುಂಬ ಬ್ಯಾನರು. ಕಚ್ಚೆ ಹಾಕಿ, ಕುದುರೆಯ ಮೇಲೆ ಕೂತು, ಕತ್ತಿ ಎತ್ತಿದ ಹೆಣ್ಣು. ಕೆಳಗೆ ‘ವೀರ ಹೊನ್ನವ್ವ’ ಎಂದು ಬರೆದಿತ್ತು. ಅಕ್ಕೋರು ಬಹಳ ಹೊತ್ತು ನೋಡಿ, “ಇದು ಬ್ಯಾರೆ ಯಾರದೋ ಇರಬೇಕು” ಅಂದರು. ಪರದೆ ಸರಿದಾಗ ಮೂರ್ತಿಯೂ ಅದೇ ಆಗಿತ್ತು.

ಅವರನ್ನು ವೇದಿಕೆಗೆ ಕರೆದು ಶಾಲು ಹೊದಿಸಿ ಮಾತಾಡಲು ಹೇಳಿದರು. ಅಕ್ಕೋರು ಶಾಲು ಮಡಚಿ ಕುರ್ಚಿಯ ಮೇಲಿಟ್ಟು ಮೈಕಿನ ಮುಂದೆ ನಿಂತರು. “ಈಕಿ ಕೈಯಾಗ ಕತ್ತಿ ಇರಲಿಲ್ಲ. ನೀರಿನ ಚರಗಿ ಇತ್ತು. ಯಾರ ಕೂಡಾನೂ ಯುದ್ಧ ಮಾಡಲಿಲ್ಲ. ನಿಮ್ಮ ಅಜ್ಜ-ಮುತ್ಯಾಗೋಳ ಬಾಯಿಗೆ ನೀರು ಬಿಟ್ಟು, ಯಾರೂ ಮುಟ್ಟದ ಹೆಣಾ ಮಣ್ಣ ಮಾಡಿದ್ಲು. ಅದಕ್ಕ ಈ ಊರು ಆಕಿನ್ನ ಒಳಗ ಬಿಡಲಿಲ್ಲ. ಅದನ್ನ ನೀವು ಮಾಡಿದ್ರಿ ಅಂತ ನಾ ಅನ್ನಾಕತ್ತಿಲ್ಲ. ಆಕಿ ಏನ ಮಾಡಿದ್ಲು ಅಂತ ಇಷ್ಟ ಹೇಳ್ರಿ. ಅಷ್ಟ ಸಾಕು.”

ಜನ ಗಲಾಟೆ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. ಗುತ್ತಿಗೆದಾರ ಎದ್ದು ಬಂದು ಮೆಲ್ಲಗೆ ಮೈಕು ತನ್ನ ಕಡೆ ತಿರುಗಿಸಿಕೊಂಡ. “ಅಕ್ಕೋರು ನಮಗ ತಾಯಿ ಇದ್ದಂಗ. ವಯಸ್ಸಾತು, ಒಂದ ಕೇಳಿದ್ದು ಇನ್ನೊಂದ ನೆನಪಾಗತೈತಿ. ಇಲ್ಲೇ ಅದಾರಲ್ಲ ಹೊನ್ನವ್ವನ ವಂಶದವರು, ಅವರನ್ನ ಕೇಳೂಣು.”

ಸಿದ್ದಪ್ಪಜ್ಜ ಹೊಸ ಹಳದಿ ರುಮಾಲು ಸುತ್ತಿಕೊಂಡು ಮುಂದಿನ ಸಾಲಿನಲ್ಲಿದ್ದರು. ಎದ್ದು ನಿಂತರು. ಅಕ್ಕೋರನ್ನು ನೋಡಲಿಲ್ಲ. “ಕತ್ತಿ ಹಿಡಿದಾಕಿನ. ನಮ್ಮಜ್ಜ ಹಂಗ ಹೇಳತಿದ್ದ” ಅಂದರು. ಚಪ್ಪಾಳೆ ಬಿತ್ತು.

ಊಟದ ಪಂಗ್ತಿ ಶುರುವಾದಾಗ ಸಿದ್ದಪ್ಪಜ್ಜ ನಮ್ಮನ್ನು ಹುಡುಕಿಕೊಂಡು ನಳದ ಹತ್ತಿರ ಬಂದರು. “ಅಕ್ಕೋರ, ಮೊಮ್ಮಗಳಿಗೆ ವರಾ ನೋಡಾಕತ್ತೀವಿ. ಹೆಣಾ ಎಳದಾಕಿ ಮನೆತನ ಅಂದ್ರ ಯಾರ ಬರತಾರ? ಕತ್ತಿ ಹಿಡಿದಾಕಿ ಮನೆತನ ಅಂದ್ರ ಮಾನ ಐತಿ. ಇಷ್ಟ ದಿನದ ಮ್ಯಾಲ ನಮಗ ಊರಾಗ ಕುರ್ಚಿ ಹಾಕ್ಯಾರ.”

ಅಕ್ಕೋರು ಸಿಟ್ಟಾಗಲಿಲ್ಲ. “ಆ ಕಲ್ಲು ಎಲ್ಲೈತಿ ಸಿದ್ದಪ್ಪ?”

“ಕಟ್ಟಿ ಕೆಳಗ ಹಾಕ್ಯಾರ್ರಿ. ಬುನಾದಿಗೆ ಗಟ್ಟಿ ಕಲ್ಲ ಬೇಕಾಗಿತ್ತಂತ.”

ಅಕ್ಕೋರು ಮೂರ್ತಿಯ ಕಟ್ಟೆಯ ಹತ್ತಿರ ಹೋಗಿ ಹೊಳೆಯುವ ಗ್ರಾನೈಟಿನ ಮೇಲೆ ಅಂಗೈ ಇಟ್ಟು ನಿಂತರು. ಯಾರೋ ಅವರ ಫೋಟೊ ತೆಗೆದರು. ಊಟ ಮಾಡದೆ ಹೊರಟೆವು. ಖಾನಾಪುರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಕಪ್ಪು ಹಿಡಿದುಕೊಂಡು ಹೇಳಿದರು: “ಸುಮನ್, ಮೊದಲ ಅಕಿನ್ನ ಮರತಿದ್ರು. ಮರತದ್ದು ಎಂದಾದ್ರೂ ಒಂದಿನ ನೆನಪಾಗಬಹುದಿತ್ತು. ಈಗ ಅಕಿ ಜಾಗಾದಾಗ ಬ್ಯಾರೆ ಒಬ್ಬಾಕಿನ್ನ ಕುಂದರಿಸ್ಯಾರ. ಇನ್ನ ಯಾರೂ ಹುಡುಕಾಂಗಿಲ್ಲ. ತೋರಿಸಿಕೊಟ್ಟಾಕಿ ನಾನ.” ನಾನು ಏನೋ ಸಮಾಧಾನ ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಚಹಾ ಆರಿತು.

ಪತ್ರಿಕೆಗೆ ಇನ್ನೊಂದು ಲೇಖನ ಬರೆದರು. ಊರವರ ಭಾವನೆಯ ಪ್ರಶ್ನೆ, ಈಗ ಬೇಡ ಎಂದು ಪತ್ರಿಕೆಯವರು ಫೋನಿನಲ್ಲಿ ಹೇಳಿದರು. ಆಮೇಲೆ ಅಕ್ಕೋರು ಭಾನುವಾರಗಳಲ್ಲಿ ಮನೆಯಲ್ಲೇ ಇರತೊಡಗಿದರು. ನಾನು ಸ್ಕೂಟರು ತಂದು ಹಾರ್ನ್ ಮಾಡಿದರೆ ಕಿಟಕಿಯಿಂದ ಕೈ ಅಲ್ಲಾಡಿಸುತ್ತಿದ್ದರು, ಬರುತ್ತಿರಲಿಲ್ಲ.

ನಾನು ಅವರನ್ನು ಕೊನೆಯ ಸಲ ನೋಡಿದ ದಿನ ವಕೀಲರ ಮಗಳು ವೇಷ ಹಾಕಿಕೊಂಡು ಬಂದಿದ್ದಳು. ಸಾಲಿಯಲ್ಲಿ ವೇಷಭೂಷಣ ಸ್ಪರ್ಧೆ. ತಲೆಗೆ ಜರಿಯ ಪೇಟ, ಕೈಯಲ್ಲಿ ರಟ್ಟಿನ ಕತ್ತಿ. “ನಾ ಯಾರು ಹೇಳ್ರಿ ಅಕ್ಕೋರ?” ಎಂದಳು. “ವೀರ ಹೊನ್ನವ್ವ” ಎಂದು ತಾನೇ ಹೇಳಿ, “ನೀವಽ ಅಂತ ಅಕಿನ್ನ ಕಂಡ ಹಿಡಿದಾವ್ರು, ಅಪ್ಪ ಹೇಳ್ಯಾನ. ಅಕಿ ಕುದುರಿ ಹೆಸರೇನ್ರಿ? ಟೀಚರ್ ಕೇಳಿದ್ರ ಹೇಳಬೇಕು” ಅಂದಳು.

ನಾನು ಅಕ್ಕೋರ ಮುಖ ನೋಡಿದೆ. ಈಗಲಾದರೂ ಹೇಳುತ್ತಾರೆ ಅಂದುಕೊಂಡೆ. ಅವರು ಮಗುವಿನ ಮುಂದೆ ಮಂಡಿಯೂರಿ ಕೂತು, ಸಡಿಲವಾಗಿದ್ದ ಕಚ್ಚೆ ಬಿಗಿ ಮಾಡಿದರು. “ನನಗ ಗೊತ್ತಿಲ್ಲವ್ವ. ನಿನಗ ಚಂದ ಅನ್ನಿಸಿದ ಹೆಸರ ಹೇಳು” ಅಂದರು. ಮಗು ಕುಣಿಯುತ್ತ ಹೋಯಿತು. ಅಕ್ಕೋರು ಎದ್ದೇಳಲು ನನ್ನ ಕೈ ಹಿಡಿದುಕೊಂಡರು. ಆ ಕೈಯಲ್ಲಿ ಭಾರವೇ ಇರಲಿಲ್ಲ.

ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಎದೆ ನೋವೆಂದು ಮಲಗಿದವರು ಏಳಲಿಲ್ಲ. ಮರುದಿನದ ಪತ್ರಿಕೆಯಲ್ಲಿ ಕಟ್ಟೆಯ ಮೇಲೆ ಕೈಯಿಟ್ಟು ನಿಂತ ಅವರ ಫೋಟೊ ಬಂದಿತ್ತು. ವೀರ ಹೊನ್ನವ್ವನ ಶೌರ್ಯವನ್ನು ನಾಡಿಗೆ ಪರಿಚಯಿಸಿದ ನಿವೃತ್ತ ಶಿಕ್ಷಕಿ ನಿಧನ ಎಂದು ಬರೆದಿದ್ದರು.

ಮೂರನೆಯ ದಿನ ಸಿದ್ದಪ್ಪಜ್ಜ ಬಂದರು. ಅಕ್ಕೋರ ಭಾವಚಿತ್ರದ ಮುಂದೆ ಗೋಡೆಗೊರಗಿ ಕೂತು ಅತ್ತರು. ನಾನು ಚಹಾ ಕೊಟ್ಟೆ. “ಖರೇ ಮಾತಾಡಿದಾಗ ಬದುವಿನ ಮ್ಯಾಲ ಇದ್ದವರು ನಾವ ಮೂರ ಮಂದಿ. ಒಬ್ಬರು ಹೋದ್ರು” ಅಂದರು.

“ನಾ ಹೇಳತೀನಿ ಅಜ್ಜಾರ. ಬರೀತೀನಿ.”

“ಬರಿ ಯವ್ವಾ. ನನ್ನ ಕೇಳಾಕ ಬರತಾರ. ನಾ ಹಂಗ ಇರಲಿಲ್ಲ ಅಂತೀನಿ.” ಕೆಟ್ಟ ದನಿಯಲ್ಲಿ ಹೇಳಲಿಲ್ಲ. ಮೊಮ್ಮಗಳ ಲಗ್ನ ಗೊತ್ತಾಗಿದೆ ಎಂದು ಹೇಳಿ ಕರೆಯೋಲೆ ಕೈಗಿಟ್ಟರು.

ಸಂಜೆ ಅವರನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟೆ. ಬೀಡಿ ದಾಟಿ ಅವರ ಊರಿಗೆ ಹೋಗುವ ಬಸ್ಸು ನಿಂತಿತ್ತು. ಕಿಟಕಿಯ ಪಕ್ಕ ಕೂರಿಸಿ ನಾನು ಕೆಳಗಿಳಿಯುವಾಗ ಕಂಡಕ್ಟರ್ ಅವರನ್ನು, ಎಲ್ಲಿಗೆ ಎಂದು ಕೇಳಿದ. ಸಿದ್ದಪ್ಪಜ್ಜ ಒಮ್ಮೆ ನನ್ನನ್ನು ನೋಡಿದರು. ಆಮೇಲೆ ತಮ್ಮ ಊರಿನ ಹೆಸರು ಹೇಳಲಿಲ್ಲ.

“ವೀರ ಹೊನ್ನವ್ವ ಸರ್ಕಲ್, ಒಂದು” ಅಂದರು.