ವೀಳ್ಯ ಕೊಟ್ಟು ತಂದ ಹಾಡು

ಕುಮಟಾ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಮೊಬೈಲ್ ಅಂಗಡಿ. ಮೆಮೊರಿ ಕಾರ್ಡಿನ ಕಾಲದಲ್ಲಿ ಯಾರ್ಯಾರದೋ ಹಾಡು ತುಂಬಿಸಿ ಕೊಟ್ಟೇ ನನ್ನ ಸಂಸಾರ ನಡೆದದ್ದು. ಹಾಡಿದವರು ಯಾರು, ಬರೆದವರು ಯಾರು ಎಂದು ಆಗ ಕೇಳಿದವನಲ್ಲ. ಎಲ್ಲರ ಕೈಗೂ ಇಂಟರ್ನೆಟ್ ಬಂದು ಆ ವ್ಯಾಪಾರ ಮಲಗಿತು, ನನಗೆ ಬುದ್ಧಿಯೂ ಬಂತು. ಎರಡೂ ಒಟ್ಟಿಗೆ ಆದದ್ದು ಆಕಸ್ಮಿಕ ಎಂದು ನಾನು ಹೇಳುತ್ತೇನೆ, ನನ್ನ ಹೆಂಡತಿ ಒಪ್ಪುವುದಿಲ್ಲ.

ಅಂಗಡಿಯ ಹಿಂಬದಿಯ ಮೇಜಿನ ಮೇಲೆ ಒಂದು ವೆಬ್‌ಸೈಟ್ ಶುರುಮಾಡಿದೆ. ನಮ್ಮ ಕಡೆಯವರು ಹಾಡಿದ ಹಾಡು, ಹೇಳಿದ ಕತೆ ಅಲ್ಲಿರುತ್ತವೆ. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಆದರೆ ಹಾಡಿದವರು ಒಪ್ಪಿದ್ದು ಮಾತ್ರ ಅಲ್ಲಿರಬೇಕು. ಈ ಒಂದು ವಿಷಯದಲ್ಲಿ ನಾನು ಮಹಾ ಹಠಮಾರಿ. ಭಟ್ಕಳದವರೊಬ್ಬರು ತಮ್ಮ ತಾಯಿ ಹಾಡಿದ ನವಾಯತಿ ಭಾಷೆಯ ಜೋಗುಳ ಕಳಿಸಿದಾಗ, ತಾಯಿಯ ಒಪ್ಪಿಗೆ ಎಲ್ಲಿ ಎಂದು ಕೇಳಿ ವಾಪಸ್ ಮಾಡಿದ್ದೆ. ಅವರು ತಾಯಿಯ ಧ್ವನಿಯಲ್ಲೇ ಒಪ್ಪಿಗೆ ಕಳಿಸಿದರು, ಜೊತೆಗೆ ತಮ್ಮ ಧ್ವನಿಯಲ್ಲಿ ನನಗೆ ಎರಡು ಮಾತು ಬೈದು ಕಳಿಸಿದರು.

ಮುರ್ಡೇಶ್ವರದ ಕಡೆ ಮೀನು ಮಾರುವ ಹಿರಿಯ ಹೆಂಗಸೊಬ್ಬರಿದ್ದರು. ಮದುಮಗಳಿಗೆ ಅರಿಶಿನ ಹಚ್ಚುವಾಗ ಹಾಡಲು ಸುತ್ತಿನ ಕೇರಿಗಳಿಗೆಲ್ಲ ಅವರೇ ಬೇಕು. ಕರೆಯುವವರು ಮನೆಗೆ ಹೋಗಿ ಎಲೆ ಅಡಿಕೆಯ ವೀಳ್ಯ ಕೊಡಬೇಕು. ಅವರು ಅದನ್ನು ಕೈಗೆ ತೆಗೆದುಕೊಂಡರೆ ಮುಗಿಯಿತು, ಜ್ವರವಿದ್ದರೂ ಬಂದು ಹಾಡುತ್ತಿದ್ದರು. ನಾನೂ ಹಾಗೇ ಕೊಟ್ಟೆ. ಊರವರು ಕೇಳುತ್ತಾರೆ, ಹೊರದೇಶದವರೂ ಕೇಳುತ್ತಾರೆ ಎಂದು ಬಿಡಿಸಿ ಹೇಳಿದೆ.

"ಆತು ತಮಾ. ಕೇಳುವವ್ರು ಕೇಳ್ಲಿ, ನಂಗೆಂತ ಕಮ್ಮಿ ಆಗ್ತದೆ?" ಎಂದವರೇ ಜಗಲಿಯ ಮೇಲೆ ಕೂತು ಹಾಡಿದರು.

ಇಂಪಾದ ಧ್ವನಿಯಲ್ಲ ಅದು. ಪೇಟೆಯಲ್ಲಿ ಬಂಗಡೆ, ತಾರ್ಲೆ ಎಂದು ಕೂಗಿ ಕೂಗಿ ಒರಟಾದದ್ದು. ಆದರೆ ಹೆಣ್ಣನ್ನು ಕಳಿಸಿಕೊಡುವ ಸಾಲು ಬಂದಾಗ ಇದ್ದಕ್ಕಿದ್ದಂತೆ ತಗ್ಗುತ್ತಿತ್ತು, ಪಕ್ಕದಲ್ಲಿ ಕೂತವರಿಗಷ್ಟೇ ಹೇಳುವ ಹಾಗೆ. ನನಗೆ ಅಕ್ಕತಂಗಿಯರಿಲ್ಲ, ಹೆಣ್ಣುಮಕ್ಕಳೂ ಇಲ್ಲ. ಆದರೂ ದಿನಾ ಬೆಳಿಗ್ಗೆ ಅಂಗಡಿಯ ಬಾಗಿಲೆತ್ತಿ ಅದನ್ನೊಮ್ಮೆ ಕೇಳುತ್ತಿದ್ದೆ.

ಸರ್ವರಿನ ಬಾಡಿಗೆ ವರ್ಷವರ್ಷ ಏರಿತು. ಕೈಲಾದಷ್ಟು ಕೊಡಿ ಎಂದು ಪುಟದ ಕೆಳಗೆ ಬರೆದೆ. ಹೊಗಳಿಕೆ ಬಂತು, ದುಡ್ಡು ಬರಲಿಲ್ಲ. ಹೊನ್ನಾವರದ ವ್ಯಾಪಾರಿಗಳು ಚಹಾ ಕುಡಿಸಿ, ಪುಕ್ಕಟೆ ಕೊಡುವುದಕ್ಕೆ ದುಡ್ಡು ಯಾಕೆ ಎಂದು ಕೇಳಿದರು. ವೆಬ್‌ಸೈಟ್ ಇನ್ನೇನು ಮುಚ್ಚಬೇಕು ಎನ್ನುವಾಗ ದೂರದ ಸಂಸ್ಥೆಯೊಂದು ಖರ್ಚು ನೋಡಿಕೊಳ್ಳಲು ಮುಂದೆ ಬಂತು. ಒಂದೇ ಷರತ್ತು, ಪ್ರತಿ ಹಾಡಿಗೂ ಹಾಡಿದವರ ಸಹಿ ಇರುವ ಒಪ್ಪಿಗೆ ಪತ್ರ ಬೇಕು. ನನ್ನ ನಿಯಮವೂ ಅದೇ ತಾನೇ ಎಂದು ಖುಷಿಯಿಂದ ಒಪ್ಪಿಕೊಂಡೆ.

ಪತ್ರ ಹಿಡಿದು ಗೇರುಸೊಪ್ಪದವರೆಗೂ ತಿರುಗಿದೆ. ಉಳಿದವರೆಲ್ಲ ಸಹಿ ಹಾಕಿದರು. ಮುರ್ಡೇಶ್ವರದ ಆ ಅಮ್ಮ ಮಾತ್ರ ಕಾಗದವನ್ನು ಮುಟ್ಟಲಿಲ್ಲ. ಅವರ ಮಗಳು ಪಕ್ಕದಲ್ಲಿ ಮೀನು ಕೊಯ್ಯುತ್ತಿದ್ದರು.

"ವೀಳ್ಯ ತಕಂಡಿದ್ನಲ್ಲ ನಾನು?" ಎಂದರು ಅಮ್ಮ.

"ಹೌದಮ್ಮ. ಇದು ಬರೀ ಲೆಕ್ಕಕ್ಕೆ, ಕಾನೂನು ಅಂತ."

"ವೀಳ್ಯ ತಕಂಡು ನಾನು ಎಲ್ಲಾದ್ರೂ ಇಲ್ಲ ಅಂದದ್ದು ಉಂಟಾ? ನನ್ನ ಮಾತಿಗೆ ಸಹಿ ಬೇಕಾ ನಿಂಗೆ?"

ಎಲ್ಲರೂ ಹಾಕಿದ್ದಾರೆ ಎಂದೆ. ಅದನ್ನು ಹೇಳಬಾರದಿತ್ತು.

"ಹಂಗಾದ್ರೆ ಎಲ್ಲರದ್ದು ಇಟ್ಕೊ. ನಂದು ತೆಗಿ."

ನಾಲ್ಕು ದಿನ ಬಿಟ್ಟು ಮತ್ತೆ ಹೋಗಿದ್ದರೆ ಅವರ ಸಿಟ್ಟು ಇಳಿದಿರುತ್ತಿತ್ತು. ಸಿಟ್ಟು ನನಗೂ ಇದೆಯಲ್ಲ. ಅಲ್ಲೇ ಜಗಲಿಯ ಮೇಲೆ ಕೂತು, ಅವರೆದುರೇ ಹಾಡನ್ನು ವೆಬ್‌ಸೈಟಿನಿಂದ ತೆಗೆದೆ, ಮೊಬೈಲಿನಿಂದ ಅಳಿಸಿದೆ. ಅಂಗಡಿಗೆ ಬಂದು ಕಂಪ್ಯೂಟರಿನಲ್ಲಿ, ಹಾರ್ಡ್ ಡಿಸ್ಕಿನಲ್ಲಿ ಇದ್ದದ್ದನ್ನೂ ಒರೆಸಿದೆ. ಒಪ್ಪಿಗೆ ಇಲ್ಲದ ಮೇಲೆ ಒಂದು ಪ್ರತಿಯೂ ಇರಬಾರದು, ನಾನೆಷ್ಟು ಪ್ರಾಮಾಣಿಕ ನೋಡಿ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಸಂಸ್ಥೆಯ ನೆರವು ಬಂತು, ವೆಬ್‌ಸೈಟ್ ಉಳಿಯಿತು.

ಎರಡು ಮಳೆಗಾಲ ಕಳೆದ ಮೇಲೆ ಆ ಅಮ್ಮ ತೀರಿಕೊಂಡ ಸುದ್ದಿ ಬಂತು. ಅಂದಿನಿಂದ ಬೆಳಿಗ್ಗೆ ಬಾಗಿಲೆತ್ತುವಾಗ ಆ ಧ್ವನಿ ಬೇಕೆನಿಸುತ್ತದೆ, ಹಸಿವಾದ ಹಾಗೆ. ಅದೇ ಹಾಡನ್ನು ಬೇರೆಯವರು ಹಾಡಿದ್ದು ನನ್ನ ವೆಬ್‌ಸೈಟಿನಲ್ಲೇ ಮೂರಿವೆ. ಮೂರನ್ನೂ ಹಾಕಿ ನೋಡಿದ್ದೇನೆ. ಹೆಣ್ಣನ್ನು ಕಳಿಸುವ ಸಾಲಿಗೆ ಬಂದಾಗ ಯಾರ ಧ್ವನಿಯೂ ತಗ್ಗುವುದಿಲ್ಲ.

ಹೋದ ವರ್ಷ ಅವರ ಮಗಳು ಅಂಗಡಿಗೆ ಬಂದರು. ತಮ್ಮ ಮಗಳಿಗೆ ಮದುವೆ ಗೊತ್ತಾಗಿದೆ ಎಂದರು.

"ಅಮ್ಮನ ಹಾಡು ನಿಮ್ಮ ಹತ್ರ ಇರ್ತದಲ್ಲ? ಅರಿಶಿನದ ದಿನ ಹಾಕ್ವ ಅಂತ."

"ಆವತ್ತೇ ಅಳಿಸಿದೆನಲ್ಲ, ನೀವೂ ಅಲ್ಲೇ ಇದ್ರಿ."

"ಮೊಬೈಲಿಂದ ತೆಗ್ದದ್ದು ನೋಡಿದ್ದೆ. ಕಂಪ್ಯೂಟರಲ್ಲಿ?"

"ಅಲ್ಲೂ ಇಲ್ಲ."

ಗೋಡೆಗೆ ನೇತುಹಾಕಿದ ಮೊಬೈಲ್ ಕವರುಗಳನ್ನು ನೋಡುತ್ತ ನಿಂತರು. ಅವರಿಗೆ ಸಿಟ್ಟು ಬಂದಿರಲಿಲ್ಲ. ಬಂದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಅಮ್ಮ ಆಮೇಲೆ ಒಂದಿನ ಕೇಳಿದ್ಲು, ಆ ತಮ್ಮ ನಿಜವಾಗ್ಲೂ ತೆಗೆದ್ನಾ ಅಂತ. ಇಲ್ಲ, ಎಲ್ಲಾದ್ರೂ ಇಟ್ಕಂಡಿರ್ತಾರೆ ಅಂದೆ ನಾನು. ನಕ್ಕಳು," ಎಂದರು. ಚೀಲವನ್ನು ಹೆಗಲಿಗೇರಿಸಿಕೊಂಡು, "ಒಂದು ಕದ್ದಾದ್ರೂ ಇಟ್ಕಳ್ಬೇಕಿತ್ತು ನೀವು," ಎಂದು ಹೇಳಿ ಬಸ್ಸಿಗೆ ಹೊರಟರು.

ಅವರು ಹೋದ ಮೇಲೆ ವೆಬ್‌ಸೈಟಿನ ಮೊದಲ ಪುಟದಲ್ಲಿ ಬರೆದೆ: ಮುರ್ಡೇಶ್ವರದ ಕಡೆಯ ಅರಿಶಿನದ ಹಾಡನ್ನು, ಆ ಒರಟು ಧ್ವನಿಯದನ್ನು, ಹಿಂದೆ ಇಳಿಸಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಕಳಿಸಿಕೊಡಿ, ಯಾವ ಪತ್ರವೂ ಬೇಡ.

ಮದುವೆ ಆಯಿತು, ಮೊಮ್ಮಗಳು ಗಂಡನ ಮನೆಗೆ ಹೋದಳು. ಯಾರೂ ಏನೂ ಕಳಿಸಿಲ್ಲ. ಇಂಥ ಬರಹ ಒಪ್ಪಂದಕ್ಕೆ ವಿರುದ್ಧ, ತೆಗೆಯದಿದ್ದರೆ ನೆರವು ನಿಲ್ಲಿಸಬೇಕಾಗುತ್ತದೆ ಎಂದು ಸಂಸ್ಥೆಯವರು ತಿಳಿಸಿದ್ದಾರೆ. ಆ ಧ್ವನಿ ಬರುವವರೆಗೆ ತೆಗೆಯಲಾರೆ ಎಂದು ಉತ್ತರ ಬರೆದಿದ್ದೇನೆ.